‘ಕರ್ವಾಲೊ’: ನಗೆಯ ದಿಕ್ಕು ಮತ್ತು ಓದುಗರ ನಿಲುವು

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ೧೯೮೦ರಲ್ಲಿ ಬೆಳಕು ಕಂಡಿತು. ಅಂದಿನಿಂದ ಅದು ಮತ್ತೆ ಮತ್ತೆ ಅಚ್ಚಾಗಿದೆ, ಪದವಿ ತರಗತಿಗಳಿಗೆ ಪಠ್ಯವಾಗಿದೆ, ಅನ್ಯಭಾಷೆಗಳಿಗೂ ಸಂದಿದೆ. ಸಾಹಿತ್ಯವನ್ನು ವಿಧಿವತ್ತಾಗಿ ಅಭ್ಯಾಸ ಮಾಡಿದವರನ್ನೂ ಕಾದಂಬರಿಯನ್ನು ಕೇವಲ ಹೊತ್ತು ಕಳೆಯಲೆಂದು ಕೈಗೆತ್ತಿಕೊಳ್ಳುವವರನ್ನೂ ಏಕಕಾಲದಲ್ಲಿ ಹಿಡಿದು ನಿಲ್ಲಿಸಿದ ಕೃತಿಗಳು ಹೊಸಗನ್ನಡದಲ್ಲಿ ಹೆಚ್ಚಿಲ್ಲ; ಇದು ಅವುಗಳಲ್ಲಿ ಒಂದು. ಆದರೆ ಜನಪ್ರಿಯತೆಯು ಕೃತಿಯ ಅರ್ಥವನ್ನು ತಾನಾಗಿಯೇ ತಿಳಿಸಿಕೊಡುವುದಿಲ್ಲ. ಒಂದೇ ಪುಸ್ತಕವನ್ನು ಒಬ್ಬರು ವಿನೋದವೆಂದು ಓದಿ ನಕ್ಕಿದ್ದಾರೆ. ಮತ್ತೊಬ್ಬರು ಸಾಹಸಕಥೆಯೆಂದು ಬೆರಗಾಗಿದ್ದಾರೆ. ಇನ್ನೊಬ್ಬರು ಅದರಲ್ಲಿ ವಿಜ್ಞಾನವನ್ನು, ಮಗುದೊಬ್ಬರು ತತ್ತ್ವವನ್ನು ಕಂಡಿದ್ದಾರೆ. ಕೊನೆಯ ಪುಟ ಮುಗಿಸಿ ‘ಇಷ್ಟೆಲ್ಲ ಸುತ್ತಾಡಿ ಕೈಗೆ ಏನು ಬಂತು?’ ಎಂದು ಅಸಮಾಧಾನಗೊಂಡವರೂ ಇದ್ದಾರೆ. ಈ ಪ್ರತಿಕ್ರಿಯೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದರೆ, ಓದುಗರ ಸ್ವಭಾವದೊಂದಿಗೆ ಕಾದಂಬರಿಯ ರಚನೆಯೂ ಹೊರಬೀಳುತ್ತದೆ.

ಕೃತಿ ಪ್ರಕಟವಾದ ಸಂದರ್ಭವನ್ನು ಮೊದಲು ನೆನೆಯಬೇಕು. ಕನ್ನಡದ ಗಂಭೀರ ಓದುಗವರ್ಗಕ್ಕೆ ಆಗ ನವ್ಯದ ಅಭ್ಯಾಸ ಬಲವಾಗಿತ್ತು. ಅನಂತಮೂರ್ತಿಯವರ ‘ಸಂಸ್ಕಾರ’ ೧೯೬೫ರಲ್ಲಿ ಬಂದಿತ್ತು. ಚಿತ್ತಾಲರ ‘ಶಿಕಾರಿ’ ೧೯೭೯ರಲ್ಲಿ. ಏಕಾಕಿಯಾದ ವ್ಯಕ್ತಿ, ಅವನ ಅಂತರಂಗದ ತುಮುಲ, ಮಾತಿನ ಹಿಂದಿನ ಸಂಕೇತ—ಇವುಗಳನ್ನು ಅರಸುವುದೇ ಓದು ಎಂಬ ಭಾವನೆ ತರಗತಿಗಳಲ್ಲಿ ನೆಲೆಯೂರಿತ್ತು. ತೇಜಸ್ವಿಯವರು ೧೯೭೩ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿಯೇ ಆ ಮಾರ್ಗದಿಂದ ಬೇರ್ಪಡುವ ಮಾತನ್ನಾಡಿದ್ದರು. ಆದರೂ ಜೇನು, ಪೊಲೀಸು, ಬಿರಿಯಾನಿ, ನಾಯಿ, ಓತಿಕ್ಯಾತ ಎಂದು ಸಾಗುವ ‘ಕರ್ವಾಲೊ’ ಕೈಗೆ ಬಂದಾಗ, ಅಭ್ಯಾಸಬಲದ ಓದುಗನಿಗೆ ಇದನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬ ತೊಡಕು ಉಂಟಾದುದು ಸಹಜ. ನಗಿಸುವ ಪುಸ್ತಕವು ಗಂಭೀರವಾಗಿರಲಾರದು, ಗಂಭೀರವಾದುದು ನಗಿಸಲಾರದು ಎಂಬ ಪೂರ್ವಗ್ರಹವೇ ಈ ತೊಡಕಿನ ಮೂಲ.

ಕಥೆಯ ಹಂದರ ಸರಳವಾದುದು. ಮೂಡಿಗೆರೆಯ ಸೀಮೆಯಲ್ಲಿ ಬೇಸಾಯ ಮಾಡುತ್ತ, ಅದರಲ್ಲಿ ಬೇಸತ್ತು, ಜಮೀನನ್ನು ಮಾರಿಬಿಡುವ ಯೋಚನೆಯಲ್ಲಿರುವ ನಿರೂಪಕನಿಗೆ ಜೇನುತುಪ್ಪದ ನೆಪದಲ್ಲಿ ಮಂದಣ್ಣನ ಪರಿಚಯವಾಗುತ್ತದೆ. ಮಂದಣ್ಣನಿಗೆ ಮದುವೆಯಾಗಬೇಕು, ಹೆಣ್ಣು ಸಿಗಬೇಕಾದರೆ ಸರ್ಕಾರಿ ನೌಕರಿಯೊಂದು ಬೇಕು. ಹೆಸರಿಗೆ ತಕ್ಕಂತೆ ಮಂದಮತಿಯೆಂದು ನಿರೂಪಕನು ತಿಳಿದ ಈ ಹಳ್ಳಿಗನನ್ನು ಕರ್ವಾಲೊ ಎಂಬ ಹಿರಿಯ ವಿಜ್ಞಾನಿ ಹುಟ್ಟು ಪ್ರಕೃತಿಶಾಸ್ತ್ರಜ್ಞನೆಂದು ಗೌರವಿಸುತ್ತಾರೆ. ಮುಂದೆ ಮದುವೆಯ ಗಲಿಬಿಲಿ, ಕಳ್ಳಬಟ್ಟಿಯ ಮೊಕದ್ದಮೆ ಇವೆಲ್ಲ ಕಳೆದು, ಯುಗಾಂತರಗಳ ಹಿಂದೆಯೇ ಅಳಿಯಿತೆಂದು ಭಾವಿಸಲಾದ ಹಾರುವ ಓತಿಯೊಂದನ್ನು ಅರಸಿ ಒಂದು ತಂಡ ಘಟ್ಟದ ಕಾಡನ್ನು ಹೊಗುತ್ತದೆ. ಕರ್ವಾಲೊ, ಮಂದಣ್ಣ, ಪ್ರಭಾಕರ, ನಿರೂಪಕ, ಪ್ಯಾರ, ಬಿರಿಯಾನಿ ಕರಿಯಪ್ಪ, ಎಂಗ್ಟ, ಜೊತೆಗೆ ಕಿವಿ ಎಂಬ ನಾಯಿ—ಇದು ಆ ತಂಡ. ಕಟ್ಟಕಡೆಗೆ ಓತಿ ಕಣ್ಣಿಗೆ ಬೀಳುತ್ತದೆ. ಹಿಡಿಯಹೋದವರ ಕೈತಪ್ಪಿ ಪ್ರಪಾತದಂಚಿನಿಂದ ಹಾರಿ ಮರೆಯಾಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದಂತಹ ಪ್ರದೇಶದಲ್ಲಿ ಇಂಥ ಕಥೆಗೆ ಎಂಥ ಓದುಗರು ದೊರೆಯಬಹುದೆಂಬುದನ್ನು ಯೋಚಿಸುವುದು ಇಲ್ಲಿ ಉಪಯುಕ್ತ. ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆದ ಬಡಾವಣೆ. ಸ್ಯಾಂಡಲ್ ಸೋಪಿನ ಕಾರ್ಖಾನೆ ಇರುವುದು ಆ ವಲಯದಲ್ಲಿಯೇ. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳು ಅನಂತರ ಹಬ್ಬಿದವು. ಕಾರ್ಖಾನೆ, ಕಚೇರಿ, ಶಾಲೆಗಳ ಕೆಲಸಕ್ಕೆಂದು ಹಾಸನ, ತುಮಕೂರು, ಮಂಡ್ಯ, ಚಿಕ್ಕಮಗಳೂರು ಸೀಮೆಗಳಿಂದ ಬಂದು ನೆಲೆಸಿದ ಕುಟುಂಬಗಳು ಇಲ್ಲಿ ಅನೇಕ. ಕೆಂಗೇರಿಗೆ ಹತ್ತಿರದ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವಿದೆ. ಹಂಪಿನಗರದಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆ. ಹೀಗೆ ಊರನ್ನು ಬಿಟ್ಟು ಬಂದು ಊರನ್ನು ಮರೆಯದ ಓದುಗ, ಊರನ್ನೇ ಕಾಣದೆ ಬಡಾವಣೆಯಲ್ಲಿ ಬೆಳೆದ ಅವನ ಮಗಳು, ಸಾಹಿತ್ಯವನ್ನು ಶಾಸ್ತ್ರವಾಗಿ ಕಲಿಯುವ ವಿದ್ಯಾರ್ಥಿ—ಈ ಮೂವರ ಕೈಗೂ ಒಂದೇ ಪುಸ್ತಕ ಬರುವ ಸ್ಥಳವಿದು. ‘ಕರ್ವಾಲೊ’ವಿಗೆ ದೊರೆಯುವ ಪ್ರಧಾನ ಪ್ರತಿಕ್ರಿಯೆಗಳು ಮೂರು ಬಗೆಯಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲದಿಲ್ಲ.

ಮೊದಲನೆಯದು ಹಾಸ್ಯದ ಓದು. ಊರಿನ ನೆನಪುಳ್ಳವನಿಗೆ ಮಂದಣ್ಣನೂ ಕರಿಯಪ್ಪನೂ ಹಳೆಯ ಪರಿಚಯಸ್ಥರು. ಕಚೇರಿಯ ಮುಂದೆ ಅರ್ಜಿ ಹಿಡಿದು ನಿಲ್ಲುವವನ ಗೋಳು, ಮದುವೆಮನೆಯ ರಂಪ, ಕೋರ್ಟಿನ ಕಲಾಪದಲ್ಲಿ ಹಳ್ಳಿಯ ಮಾತು ಸಿಕ್ಕಿಕೊಳ್ಳುವ ಬಗೆ ಇವೆಲ್ಲ ಅವನನ್ನು ಮನಸಾರೆ ನಗಿಸುತ್ತವೆ. ಈ ಓದನ್ನು ಕೀಳೆಂದು ತಳ್ಳಿಹಾಕುವುದು ಸರಿಯಲ್ಲ. ನಗದೆಯೇ ‘ಕರ್ವಾಲೊ’ವನ್ನು ಓದಿ ಮುಗಿಸಿದವನು ಕಾದಂಬರಿಯ ಅರ್ಧವನ್ನು ಕಳೆದುಕೊಂಡನೆಂದೇ ಹೇಳಬೇಕು. ಆದರೆ ಈ ಓದಿಗೆ ಒಂದು ಮಿತಿಯಿದೆ. ಅದು ಕಾಡಿನ ಯಾತ್ರೆ ಆರಂಭವಾಗುವವರೆಗೆ ಓದುಗನನ್ನು ಸುಖವಾಗಿ ಕರೆತಂದು, ಅಲ್ಲಿಂದ ಮುಂದೆ ಕೈಬಿಡುತ್ತದೆ. ನಕ್ಕು ಬಂದವನಿಗೆ ಅಂತ್ಯದ ಮೌನ ಅನಿರೀಕ್ಷಿತ.

ಎರಡನೆಯದು ಅದ್ಭುತದ ಓದು. ಹಾರುವ ಓತಿಯೆಂದರೆ ಕಟ್ಟುಕಥೆಯ ಪ್ರಾಣಿ, ಲೇಖಕರ ಕಲ್ಪನೆಯ ವಿಲಾಸ ಎಂದು ನಗರದ ಓದುಗರಲ್ಲಿ ಕೆಲವರು ಭಾವಿಸುವುದುಂಟು. ಇಲ್ಲಿ ಒಂದು ವಾಸ್ತವವನ್ನು ತಿಳಿಸಬೇಕು. ಹಾರುವ ಓತಿ ಪಶ್ಚಿಮಘಟ್ಟದಲ್ಲಿ ಇಂದಿಗೂ ಬದುಕಿರುವ ಜೀವಿ. ವಿಜ್ಞಾನವು ಅದನ್ನು ಡ್ರಾಕೊ ಡುಸ್ಸುಮಿಯೇರಿ ಎಂದು ಕರೆಯುತ್ತದೆ. ಆ ಹೆಸರಿನಿಂದ ಅದು ಗ್ರಂಥಸ್ಥವಾದದ್ದು ೧೮೩೭ರಲ್ಲಿ. ಪಕ್ಕೆಲುಬುಗಳು ದೇಹದಿಂದ ಹೊರಕ್ಕೆ ಚಾಚಿ, ಅವುಗಳ ಮೇಲೆ ಹಬ್ಬಿದ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಅದರ ಬಲದಿಂದ ಅದು ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ಗಂಡಿನ ಗಂಟಲಲ್ಲಿ ಹಳದಿಯ ಜೋಲುಚರ್ಮವಿರುತ್ತದೆ. ಇರುವೆಗಳೇ ಅದರ ಮುಖ್ಯ ಆಹಾರ. ಮಲೆನಾಡಿನ ಅಡಕೆಯ ತೋಟಗಳಲ್ಲಿ ಕಣ್ಣಿಟ್ಟು ನೋಡಿದವರಿಗೆ ಅದು ಕಾಣಸಿಗುತ್ತದೆ. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಬೆಂಗಳೂರಿನ ಮನೆಯಂಗಳದ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತವೂ ಊರಾಚೆಯ ಬಂಡೆಗಳ ಮೇಲೆ ಬಿಸಿಲು ಕಾಯುವ ಕಲ್ಲೋತಿಯೂ ಇದೇ ಕುಲಕ್ಕೆ ಸೇರಿದ ಬಂಧುಗಳು. ಕಾದಂಬರಿಯ ಓತಿಗೆ ಲೇಖಕರು ಪ್ರಾಚೀನತೆಯ ಪ್ರಭಾವಳಿಯನ್ನು ತೊಡಿಸಿದ್ದಾರೆಂಬುದು ನಿಜ. ಆದರೂ ಅದ್ಭುತವೆಂದು ಓದುಗ ಬೆರಗಾದುದರ ದಾಯಾದಿ ಅವನ ಮನೆಯ ಕಾಂಪೌಂಡಿನ ಮೇಲೆಯೇ ಕುಳಿತಿರುತ್ತದೆ. ಅವನು ಅದನ್ನು ನೋಡಿರುವುದಿಲ್ಲ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಯೆಂದು ಲಾಕ್ಷಣಿಕರು ಹೇಳಿದ್ದಾರೆ. ತೇಜಸ್ವಿಯವರಲ್ಲಿ ಆ ವಿಸ್ಮಯವು ಇಲ್ಲದ ವಸ್ತುವನ್ನು ಕಲ್ಪಿಸುವುದರಿಂದ ಬರುವುದಿಲ್ಲ. ಇರುವ ವಸ್ತುವನ್ನು ಮೊದಲ ಬಾರಿಗೆ ಕಾಣುವುದರಿಂದ ಬರುತ್ತದೆ.

ಮೂರನೆಯದು ಸಂಕೇತದ ಓದು. ಇದು ವಿಶೇಷವಾಗಿ ಸಾಹಿತ್ಯದ ವಿದ್ಯಾರ್ಥಿಗಳಲ್ಲಿಯೂ ಅನುಭಾವ ಸಾಹಿತ್ಯದ ಪರಿಚಯವುಳ್ಳ ಶ್ರದ್ಧಾವಂತರಲ್ಲಿಯೂ ಕಾಣುತ್ತದೆ. ಓತಿಯೆಂದರೆ ಸತ್ಯ, ಕಾಡೆಂದರೆ ಸಂಸಾರ, ಕರ್ವಾಲೊ ಗುರು, ನಿರೂಪಕ ಶಿಷ್ಯ, ಹಾರಿಹೋದದ್ದು ಮಾತಿಗೆ ನಿಲುಕದ ಪರತತ್ತ್ವ—ಹೀಗೆ ಪದಕ್ಕೆ ಪದವಿಟ್ಟು ಅರ್ಥ ಹೇಳುವ ಕ್ರಮವಿದು. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನೂ ಅವುಗಳ ಟೀಕೆಗಳನ್ನೂ ಓದಿ ಬಂದ ಮನಸ್ಸಿಗೆ ಇದು ಸಹಜವಾಗಿ ಒದಗುವ ದಾರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಡಗಿಗೂ ಈ ಕಾದಂಬರಿಗೂ ಇರುವ ಭೇದವನ್ನು ಮರೆಯಬಾರದು. ಬೆಡಗಿನಲ್ಲಿ ಹೊರಗಿನ ಚಿತ್ರ ಲೋಕದಲ್ಲಿ ಸಂಭವಿಸಲಾರದ್ದು; ಆ ಅಸಂಭವವೇ ಓದುಗನನ್ನು ಒಳಗಿನ ಅರ್ಥಕ್ಕೆ ದೂಡುತ್ತದೆ. ‘ಕರ್ವಾಲೊ’ದಲ್ಲಿ ಓತಿ ಮೊದಲಿಗೆ ಓತಿಯೇ. ಅದಕ್ಕೆ ಮೈಯಿದೆ, ಚರ್ಮವಿದೆ, ಹಸಿವಿದೆ. ಅದನ್ನು ಅವಸರದಿಂದ ಸತ್ಯವೆಂದು ಅನುವಾದಿಸಿದ ಕೂಡಲೇ, ಮಂದಣ್ಣನು ವರುಷಗಟ್ಟಲೆ ಕಾಡಿನಲ್ಲಿ ಕಣ್ಣು ತೆರೆದು ಅಲೆದದ್ದು ವ್ಯರ್ಥವಾಗುತ್ತದೆ. ಸಂಕೇತವನ್ನು ಹುಡುಕುವವನು ಜೀವಿಯನ್ನು ನೋಡುವುದನ್ನು ಬಿಟ್ಟರೆ, ಕಾದಂಬರಿ ಯಾವ ದೋಷವನ್ನು ವಿಡಂಬಿಸುತ್ತದೆಯೋ ಅದೇ ದೋಷಕ್ಕೆ ಅವನು ಈಡಾದಂತೆ.

ಈ ಮೂರು ಓದುಗಳೂ ಒಂದು ಮುಖ್ಯ ಅಂಶವನ್ನು ಬಿಟ್ಟುಬಿಡುತ್ತವೆ: ಈ ಕೃತಿಯಲ್ಲಿ ನಗೆ ನಿಂತಲ್ಲಿ ನಿಲ್ಲುವುದಿಲ್ಲ, ದಿಕ್ಕನ್ನು ಬದಲಿಸುತ್ತದೆ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸಿದ್ದಾನೆ. ತಾನೇ ನಗುವುದು ಒಂದು, ಇತರರನ್ನು ನಗಿಸುವುದು ಇನ್ನೊಂದು. ‘ಕರ್ವಾಲೊ’ದ ಆರಂಭದಲ್ಲಿ ನಿರೂಪಕನೂ ಓದುಗನೂ ಒಂದೇ ಬದಿಯಲ್ಲಿ ಕುಳಿತು ಎದುರಿನ ಮಂದಣ್ಣನನ್ನು ನೋಡಿ ನಗುತ್ತಾರೆ. ನೌಕರಿಗೆ ಹಾತೊರೆಯುವ ಅವನ ಪರದಾಟ, ಮಾತಿನ ಅಸ್ತವ್ಯಸ್ತತೆ, ಲೋಕವ್ಯವಹಾರದ ಅಜ್ಞಾನ ಇವು ಆ ನಗೆಗೆ ಸಾಮಗ್ರಿ. ಓದು ಬರಹ ಬಲ್ಲವನು ಬಾರದವನನ್ನು ಕುರಿತು ನಗುವ ಈ ನಗೆಯಲ್ಲಿ ಸಲೀಸಾದ ಸುಖವಿದೆ. ಆದರೆ ಕರ್ವಾಲೊ ಮಂದಣ್ಣನನ್ನು ಗೌರವದಿಂದ ಕಾಣುವುದು ತಿಳಿದ ಗಳಿಗೆಯಲ್ಲಿ ಆ ಸುಖ ಕದಡುತ್ತದೆ. ನಿರೂಪಕನು ತಾನು ವಾಸಿಸುವ ಕಾಡಿನ ಅಂಚಿನಲ್ಲಿ ಏನಿದೆಯೆಂದು ನೋಡಿದವನಲ್ಲ. ಜಮೀನಿನ ಲೆಕ್ಕಾಚಾರದಲ್ಲಿ, ಮಾರಾಟದ ಚಿಂತೆಯಲ್ಲಿ ಮುಳುಗಿದವನು. ಮಂದಣ್ಣನಾದರೋ ಜೇನಿನ ಜಾಡನ್ನೂ ಹುಳುವಿನ ನಡತೆಯನ್ನೂ ಬಲ್ಲವನು. ಅಲ್ಲಿಂದ ಮುಂದೆ ನಗೆಯ ಗುರಿ ನಿರೂಪಕನೇ ಆಗುತ್ತಾನೆ. ಅವನ ಬದಿಯಲ್ಲಿ ಕುಳಿತಿದ್ದ ಓದುಗನಿಗೂ ಅದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಈ ವಿಡಂಬನೆ ಕಹಿಯಾಗದಿರುವುದಕ್ಕೆ ಕಾರಣ ತೇಜಸ್ವಿಯವರ ನಿರೂಪಣೆಯ ಧಾಟಿ. ಯಾರನ್ನೂ ಎತ್ತರದಿಂದ ನೋಡಿ ಅಪಹಾಸ್ಯ ಮಾಡುವ ಸ್ವರ ಇಲ್ಲಿಲ್ಲ. ನಿರೂಪಕನೇ ತನ್ನ ಪೆದ್ದುತನವನ್ನು ಸಾವಧಾನವಾಗಿ ಬಿಚ್ಚಿಡುತ್ತಾನೆ. ಕಲಿತವನ ಅಹಂಕಾರವನ್ನು ಕಾಯಕದ ಅರಿವು ತಿದ್ದುವ ಸನ್ನಿವೇಶ ಕನ್ನಡ ನೆಲಕ್ಕೆ ಹೊಸತಲ್ಲ. ದೋಣಿ ನಡೆಸುವ ಚೌಡಯ್ಯನ ಮೊನಚು ಮಾತನ್ನೂ ಸೌದೆ ಹೊರುವ ಮಾರಯ್ಯನ ಬಾಳನ್ನೂ ಮನನ ಮಾಡಿದ ಓದುಗರಿಗೆ ಮಂದಣ್ಣನ ಸ್ಥಾನ ಅಷ್ಟೇನೂ ವಿಚಿತ್ರವೆನಿಸದು. ಆದರೆ ಮಂದಣ್ಣ ಶರಣನಲ್ಲ, ಸಾಧಕನೂ ಅಲ್ಲ. ಅವನು ಕಳ್ಳಬಟ್ಟಿಯ ಪ್ರಕರಣದಲ್ಲಿ ಸಿಕ್ಕಿಬೀಳಬಲ್ಲ ಸಾಮಾನ್ಯ ಮನುಷ್ಯ. ಅವನನ್ನು ಆದರ್ಶದ ಪೀಠದ ಮೇಲೆ ಕೂರಿಸದೆ ಅವನ ಅರಿವನ್ನು ಮನ್ನಿಸುವಂತೆ ಮಾಡಿರುವುದು ಕಾದಂಬರಿಕಾರರ ದೊಡ್ಡ ಯಶಸ್ಸು.

ಇಲ್ಲಿ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಬೇಕಾಗುತ್ತದೆ. ಮಂದಣ್ಣನ ಬೆಲೆ ನಿರೂಪಕನಿಗೆ ತಿಳಿದದ್ದಾದರೂ ಹೇಗೆ? ಕರ್ವಾಲೊ ಹೇಳಿದ್ದರಿಂದ. ವಿಜ್ಞಾನದ ಪದವಿ ಪಡೆದ, ಇಂಗ್ಲಿಷಿನ ಗ್ರಂಥಗಳನ್ನು ಬಲ್ಲ ಪಂಡಿತನೊಬ್ಬ ಪ್ರಮಾಣಪತ್ರ ಕೊಡುವವರೆಗೆ ಹಳ್ಳಿಗನ ಅರಿವು ಅರಿವೆನಿಸಲಿಲ್ಲವೆಂದರೆ, ಕಾದಂಬರಿ ಹಳೆಯ ಮೇಲು ಕೀಳನ್ನು ಮುರಿದಂತಾಯಿತೇ, ಇನ್ನೊಂದು ರೂಪದಲ್ಲಿ ಉಳಿಸಿಕೊಂಡಂತಾಯಿತೇ? ಮಂದಣ್ಣನನ್ನು ಕೋರ್ಟಿನ ತೊಡಕಿನಿಂದ ಬಿಡಿಸುವ ಆತುರದ ಹಿಂದೆಯೂ ಅವನ ಮೇಲಿನ ಮಮತೆಯಷ್ಟೇ ಓತಿಯ ಶೋಧಕ್ಕೆ ಅವನು ಬೇಕೆಂಬ ಅಗತ್ಯವೂ ಇದೆ. ಇದಲ್ಲದೆ ಮದುವೆಗೆ ಮುನ್ನ ಕಥೆಯನ್ನೇ ನಡೆಸುವಷ್ಟು ಮುಖ್ಯಳಾದ ರಾಮಿಯಂಥ ಹೆಣ್ಣು ಯಾತ್ರೆ ಹೊರಡುವ ವೇಳೆಗೆ ಹಿಂದೆ ಸರಿಯುತ್ತಾಳೆ. ಕಾಡಿನ ಸಾಹಸ ಗಂಡಸರ ಪಾಲಿಗೇ ಉಳಿಯುತ್ತದೆ. ಜೀವವಿಕಾಸವನ್ನು ಕುರಿತ ಮಾತುಗಳು ಕೆಲವೆಡೆ ಕಥೆಗಿಂತ ಪಾಠದ ರೀತಿಯನ್ನು ತಾಳುತ್ತವೆ. ಈ ಮಾತುಗಳನ್ನು ಎತ್ತುವ ಓದುಗರು ಕೃತಿಗೆ ವಿರೋಧಿಗಳಲ್ಲ. ಅದನ್ನು ಎಚ್ಚರದಿಂದ ಓದಿದವರು.

ಆದರೆ ಪ್ರಮಾಣಪತ್ರದ ಪ್ರಶ್ನೆಗೆ ಕಾದಂಬರಿಯ ಅಂತ್ಯವೇ ಒಂದು ಉತ್ತರವನ್ನು ಹೊಂದಿದೆ. ಓತಿ ಸಿಕ್ಕಿದ್ದರೆ ಏನಾಗುತ್ತಿತ್ತು? ಅದು ಗಾಜಿನ ಶೀಸೆಯನ್ನು ಸೇರುತ್ತಿತ್ತು. ಅದಕ್ಕೊಂದು ಲ್ಯಾಟಿನ್ ಹೆಸರು ಬರುತ್ತಿತ್ತು. ವಿದ್ವತ್ಪತ್ರಿಕೆಯಲ್ಲಿ ಲೇಖನ ಅಚ್ಚಾಗುತ್ತಿತ್ತು. ಕೀರ್ತಿ ಕರ್ವಾಲೊ ಪಾಲಿಗೆ ಬರುತ್ತಿತ್ತು. ಮಂದಣ್ಣನ ಹೆಸರು ಹೆಚ್ಚೆಂದರೆ ಕೃತಜ್ಞತೆಯ ಒಂದು ಸಾಲಿನಲ್ಲಿ ಉಳಿಯುತ್ತಿತ್ತು. ಓತಿ ಹಾರಿಹೋದುದರಿಂದ ಈ ಯಾವುದೂ ಆಗಲಿಲ್ಲ. ಪ್ರಪಾತದಂಚಿನಲ್ಲಿ ನಿಂತ ಮಂದಿಯಲ್ಲಿ ಪಂಡಿತನ ಕೈಯಲ್ಲಿಯೂ ಸಾಕ್ಷ್ಯವಿಲ್ಲ, ಜೇನು ಹಿಡಿಯುವವನ ಕೈಯಲ್ಲಿಯೂ ಇಲ್ಲ, ಅಡುಗೆಯ ಕರಿಯಪ್ಪನ ಕೈಯಲ್ಲಿಯೂ ಇಲ್ಲ. ಕಂಡೆವೆಂಬುದೊಂದೇ ಎಲ್ಲರಿಗೂ ಉಳಿದ ಸಮಾನ ಸಂಪತ್ತು. ಮಂದಣ್ಣನು ಮೊದಲು ಓತಿಯನ್ನು ಕಂಡೆನೆಂದಾಗ ಅವನಿಗಿದ್ದ ಸ್ಥಿತಿಗೇ ಈಗ ಕರ್ವಾಲೊ ಬಂದು ನಿಂತಿದ್ದಾರೆ. ಹೇಳಿದರೆ ಯಾರು ನಂಬಬೇಕು? ನಗುವವರೇ ಹೆಚ್ಚು. ಹಳ್ಳಿಗನ ಮಾತನ್ನು ಕೇಳಿ ನಕ್ಕ ಲೋಕ ಇನ್ನು ವಿಜ್ಞಾನಿಯ ಮಾತನ್ನು ಕೇಳಿಯೂ ನಗಬಲ್ಲದು. ಆರಂಭದ ನಗೆಯ ಲೆಕ್ಕ ಇಲ್ಲಿ ಚುಕ್ತವಾಗುತ್ತದೆ.

ಹೀಗೆ ನೋಡಿದಾಗ, ಅಂತ್ಯದ ಬಗೆಗಿನ ಅಸಮಾಧಾನಕ್ಕೂ ಅರ್ಥ ದೊರೆಯುತ್ತದೆ. ಕೈಗೆ ಏನು ಬಂತೆಂದು ಕೇಳುವ ಓದುಗನು ನಿರೂಪಕನ ಮೊದಲಿನ ಸ್ಥಿತಿಯಲ್ಲಿದ್ದಾನೆ. ಜಮೀನಿನಿಂದ ಏನು ಬಂತು, ಜೇನಿನಿಂದ ಏನು ಬಂತು, ಓದಿನಿಂದ ಏನು ಬಂತು ಎಂಬ ಲೆಕ್ಕದ ಮನಸ್ಸು ಅದು. ಅವನ ಅತೃಪ್ತಿಯನ್ನು ಕೃತಿಯ ದೋಷವೆನ್ನುವಂತಿಲ್ಲ. ಅದನ್ನು ಎಬ್ಬಿಸುವುದು ಕೃತಿಯ ಉದ್ದೇಶಗಳಲ್ಲಿ ಒಂದು. ನಗೆ, ಸಾಹಸ, ಬೆರಗು ಎಂದು ಬೇರೆ ಬೇರೆಯಾಗಿ ಕಂಡವು ಆ ಬಂಡೆಯ ಅಂಚಿನಲ್ಲಿ ಒಂದಾಗುತ್ತವೆ. ವೀರದಿಂದ ಅದ್ಭುತ ಹುಟ್ಟುವುದೆಂದು ಭರತನು ಹೇಳಿದ್ದಾನೆ. ಇಲ್ಲಿ ವೀರರೆಂದರೆ ಅಡಿಗಡಿಗೆ ಜಗಳವಾಡುವ, ಹೆದರುವ, ಹಸಿಯುವ ಒಂದು ನಗೆಪಾಟಲಿನ ತಂಡ. ಆದರೂ ಅದ್ಭುತ ಅವರಿಗೆ ಗೋಚರಿಸುತ್ತದೆ. ಅದಕ್ಕೆ ಮಹಾಪುರುಷರೇ ಬೇಕೆಂಬ ನಿಯಮವನ್ನು ಕಾದಂಬರಿ ಸದ್ದಿಲ್ಲದೆ ತೆಗೆದುಹಾಕಿದೆ.

ತೇಜಸ್ವಿಯವರ ಮುಂದಿನ ಕೃತಿಗಳೊಂದಿಗೆ ಹೋಲಿಸಿದರೆ ಈ ನಗೆಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೮೫ರ ‘ಚಿದಂಬರ ರಹಸ್ಯ’ ಪತ್ತೇದಾರಿ ಕಥೆಯ ಉಡುಪನ್ನು ತೊಟ್ಟ ವಿಡಂಬನೆ. ಅದಕ್ಕೆ ೧೯೮೭ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅಲ್ಲಿಯೂ ರಹಸ್ಯ ಭೇದಿಸಲ್ಪಡುವುದೆಂದು ಕಾದ ಓದುಗನಿಗೆ ನಿರಾಶೆಯೇ ಗತಿ. ಆದರೆ ಅಲ್ಲಿನ ಅಂತ್ಯದಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ, ನಗೆ ಕಹಿಯಾಗಿದೆ. ದ್ವಿತೀಯ ಪಿಯುಸಿ ತರಗತಿಗೆ ಪಠ್ಯವಾಗಿ ಸಾವಿರಾರು ಮಕ್ಕಳ ಕೈಸೇರಿದ ‘ಕೃಷ್ಣೇಗೌಡನ ಆನೆ’ಯಲ್ಲಿ, ಊರಿನ ಕಚೇರಿಗಳ ಅವ್ಯವಸ್ಥೆಗೆಲ್ಲ ಆನೆಯೇ ಹೊಣೆಯೆಂಬಂಥ ನಗೆ ಇದೆ. ಈ ಮೂರರಲ್ಲಿಯೂ ಮನುಷ್ಯನ ಅಧಿಕಾರ ಹಾಗೂ ಜ್ಞಾನದ ಗರ್ವವನ್ನು ಒಂದು ಮೂಕಜೀವಿಯೋ ಒಂದು ಕಾಡೋ ಎದುರು ನಿಂತು ಅಳೆಯುತ್ತದೆ. ‘ಕರ್ವಾಲೊ’ದಲ್ಲಿ ಮಾತ್ರ ಆ ಜೀವಿ ಮನುಷ್ಯನ ಕೈಯಿಂದ ಪಾರಾಗಿ ಹೋಗುತ್ತದೆ.

ಪರೀಕ್ಷೆಯ ದೃಷ್ಟಿಯಿಂದ ಈ ಕಾದಂಬರಿಯನ್ನು ಓದುವ ವಿದ್ಯಾರ್ಥಿಗೆ ‘ಪರಿಸರ ಪ್ರಜ್ಞೆ’, ‘ವೈಜ್ಞಾನಿಕ ಮನೋಭಾವ’ ಎಂಬ ಸಿದ್ಧ ಶೀರ್ಷಿಕೆಗಳು ಸುಲಭವಾಗಿ ದೊರೆಯುತ್ತವೆ. ಅವು ಸುಳ್ಳಲ್ಲ. ಆದರೆ ಅವುಗಳನ್ನು ಬರೆದು ಮುಗಿಸಿದವನು ತಾನು ಮಂದಣ್ಣನನ್ನು ನೋಡಿ ಯಾವ ಪುಟದವರೆಗೆ ನಕ್ಕೆ, ಯಾವ ಪುಟದಲ್ಲಿ ಆ ನಗೆ ನಿಂತಿತು, ನಿಂತದ್ದು ಮಂದಣ್ಣನ ಗುಣವನ್ನು ಕಂಡೋ ಕರ್ವಾಲೊ ಹೇಳಿದ್ದನ್ನು ಕೇಳಿಯೋ ಎಂದು ತನ್ನನ್ನು ತಾನು ಕೇಳಿಕೊಂಡರೆ ಓದು ಮುಂದುವರಿಯುತ್ತದೆ. ಈ ಪ್ರಶ್ನೆಗೆ ಪಠ್ಯದ ಹಿಂಬದಿಯಲ್ಲಿ ಉತ್ತರ ಅಚ್ಚಾಗಿರುವುದಿಲ್ಲ. ಘಟ್ಟದ ಕಾಡು ದೂರವಾದರೂ, ರಾಜಾಜಿನಗರದ ಮನೆಯಂಗಳದಲ್ಲಿಯೂ ಕೆಂಗೇರಿಯಾಚೆಯ ಬಂಡೆಗಳ ಮೇಲೂ ಹಾರುವ ಓತಿಯ ಬಂಧುಗಳು ಇನ್ನೂ ಬಿಸಿಲು ಕಾಯುತ್ತಿವೆ. ಪುಸ್ತಕವನ್ನು ಕೆಳಗಿಟ್ಟು ಅವುಗಳನ್ನು ಒಮ್ಮೆ ನಿಂತು ನೋಡುವ ಓದುಗನು ತೇಜಸ್ವಿಯವರ ಕಥೆಯನ್ನು ಅವರು ಬಯಸಿದ ರೀತಿಯಲ್ಲಿಯೇ ಓದಿದಂತಾಯಿತು.